ವೀಣೆಯ ನಾದ, ವಾಯಿದೆಯ ಮಾತು

ಭಾರತ ಸಂವಿಧಾನದ ಮೇಲೆ ಬಂದ ಆಕ್ಷೇಪಗಳಲ್ಲಿ ಕನ್ನಡಿಗರು ಮರೆಯಲಾಗದ್ದು ಒಂದಿದೆ. ಸಂವಿಧಾನ ರಚನಾ ಸಭೆಯಲ್ಲಿ ಮೈಸೂರಿನ ಪ್ರತಿನಿಧಿಯಾಗಿದ್ದ ಕೆಂಗಲ್ ಹನುಮಂತಯ್ಯನವರು 1949ರ ನವೆಂಬರಿನಲ್ಲಿ, ತಾವು ಬಯಸಿದ್ದು ವೀಣೆಯ ಅಥವಾ ಸಿತಾರಿನ ನಾದ, ಕೇಳಿಬರುತ್ತಿರುವುದು ಇಂಗ್ಲಿಷ್ ಬ್ಯಾಂಡಿನ ವಾದ್ಯ ಎಂದು ವಿಷಾದಿಸಿದರು. ಈ ಮಾತು ಇಂದಿಗೂ ಪುನರುಕ್ತವಾಗುತ್ತಿರುವುದರಿಂದ ಅದನ್ನು ಪರಿಶೀಲಿಸುವುದು ಉಚಿತ.

ಆಕ್ಷೇಪ ನಿರಾಧಾರವಲ್ಲ. ಆಡಳಿತ ವಿವರಗಳ ಬಹುಭಾಗ 1935ರ ಭಾರತ ಸರ್ಕಾರ ಕಾಯ್ದೆಯಿಂದ ಬಂದಿದೆ. ಮೂಲಭೂತ ಹಕ್ಕುಗಳಿಗೆ ಅಮೆರಿಕದ ಸಂವಿಧಾನವೂ, ರಾಜ್ಯನೀತಿಯ ನಿರ್ದೇಶಕ ತತ್ತ್ವಗಳಿಗೆ 1937ರ ಐರ್ಲೆಂಡಿನ ಸಂವಿಧಾನವೂ ಮಾದರಿಯಾದವು. ಮಂಗಳೂರಿನಲ್ಲಿ ಜನಿಸಿದ ಬೆನಗಲ್ ನರಸಿಂಗ ರಾಯರು 1947ರಲ್ಲಿ ಮೊದಲ ಕರಡನ್ನು ಸಿದ್ಧಪಡಿಸಿ, ವಿದೇಶಗಳ ನ್ಯಾಯವೇತ್ತರೊಡನೆ ಸಮಾಲೋಚಿಸಿದ್ದರು. ಡಾ. ಅಂಬೇಡ್ಕರರು ಈ ಋಣವನ್ನು ಮರೆಮಾಚಲಿಲ್ಲ. ಸಂವಿಧಾನದ ಮೂಲ ವಿಚಾರಗಳ ಮೇಲೆ ಯಾರಿಗೂ ಏಕಸ್ವಾಮ್ಯವಿಲ್ಲವೆಂದು 1948ರ ನವೆಂಬರ್ 4ರಂದು ಸ್ಪಷ್ಟಪಡಿಸಿದರು. ವ್ಯಾಪಾರ ಬಲ್ಲವರಿಗೆ ಈ ಉತ್ತರ ಒಪ್ಪಿಗೆಯಾದೀತು. ಸಾಲದ ಬಂಡವಾಳದಿಂದ ಅಂಗಡಿ ತೆರೆಯುವುದು ಅಗೌರವವಲ್ಲ; ವಾಯಿದೆ ತಪ್ಪುವುದು ಅಗೌರವ.

ಮೇಲಾಗಿ, ವಾದ್ಯ ಪರದೇಶದ್ದಾದರೂ ರಾಗ ಈ ನೆಲದ್ದೇ ಎಂಬುದಕ್ಕೆ ಶಿಕ್ಷಣದ ವಿಷಯವೊಂದೇ ಸಾಕು. ಗೋಪಾಲಕೃಷ್ಣ ಗೋಖಲೆಯವರು 1911ರಲ್ಲಿ ಪ್ರಾಥಮಿಕ ಶಿಕ್ಷಣವನ್ನು ಹಂತಹಂತವಾಗಿ ಕಡ್ಡಾಯಗೊಳಿಸುವ ಮಸೂದೆಯನ್ನು ವೈಸರಾಯರ ಶಾಸನ ಸಭೆಯ ಮುಂದಿಟ್ಟರು. ಮರುವರ್ಷ ಅದು ತಿರಸ್ಕೃತವಾಯಿತು. 1931ರ ಕರಾಚಿ ಕಾಂಗ್ರೆಸ್ ಅಧಿವೇಶನದ ನಿರ್ಣಯದಲ್ಲಿ ಉಚಿತ ಪ್ರಾಥಮಿಕ ಶಿಕ್ಷಣದ ಬೇಡಿಕೆ ಸೇರಿತು. ಆ ಬೇಡಿಕೆಯೇ ಸಂವಿಧಾನದ 45ನೆಯ ಅನುಚ್ಛೇದದ ಬೀಜ.

ಆದ್ದರಿಂದ ನಿಜವಾದ ವಿಮರ್ಶೆ ಮೂಲವನ್ನು ಕುರಿತದ್ದಾಗಿರದೆ ಪಾಲನೆಯನ್ನು ಕುರಿತದ್ದಾಗಿರಬೇಕು. ಕರಡಿನಲ್ಲಿ ಪ್ರತಿಯೊಬ್ಬ ನಾಗರಿಕನೂ ಉಚಿತ ಪ್ರಾಥಮಿಕ ಶಿಕ್ಷಣಕ್ಕೆ ಹಕ್ಕುಳ್ಳವನೆಂದು ಬರೆಯಲಾಗಿತ್ತು. 1948ರ ನವೆಂಬರಿನಲ್ಲಿ ಸಭೆ ಆ ಮಾತನ್ನು ತೆಗೆದುಹಾಕಿ, ರಾಜ್ಯವು ಪ್ರಯತ್ನಿಸತಕ್ಕದ್ದು ಎಂಬುದನ್ನಷ್ಟೇ ಉಳಿಸಿತು. ಆದರೂ ಒಂದು ವಾಯಿದೆ ಉಳಿಯಿತು: 14 ವರ್ಷ ತುಂಬುವವರೆಗಿನ ಎಲ್ಲ ಮಕ್ಕಳಿಗೆ 10 ವರ್ಷಗಳೊಳಗೆ ಉಚಿತ ಹಾಗೂ ಕಡ್ಡಾಯ ಶಿಕ್ಷಣ. ನಿರ್ದೇಶಕ ತತ್ತ್ವಗಳಲ್ಲಿ ಕಾಲಮಿತಿಯನ್ನು ಹೊತ್ತದ್ದು ಇದೊಂದೇ. ಈ ತತ್ತ್ವಗಳನ್ನು ಅರ್ಥಶಾಸ್ತ್ರಜ್ಞ ಕೆ.ಟಿ. ಷಾ ಅವರು ಅನುಕೂಲವಾದಾಗ ಹಣ ಸಲ್ಲುವ ಚೆಕ್ಕಿಗೆ ಹೋಲಿಸಿದ್ದರು. 37ನೆಯ ಅನುಚ್ಛೇದದಂತೆ ಇವುಗಳ ಜಾರಿಗೆ ನ್ಯಾಯಾಲಯವನ್ನು ಕೇಳುವಂತಿಲ್ಲ. ಅದೇ ಅನುಚ್ಛೇದ ಇವು ರಾಜ್ಯಾಡಳಿತಕ್ಕೆ ಮೂಲಭೂತವೆಂದೂ ಹೇಳುತ್ತದೆ.

1960ರ ಜನವರಿ 26ಕ್ಕೆ ವಾಯಿದೆ ಮುಗಿಯಿತು, ಋಣ ತೀರಲಿಲ್ಲ. ಕರ್ನಾಟಕದ ಖಾಸಗಿ ವೈದ್ಯಕೀಯ ಕಾಲೇಜುಗಳ ಶುಲ್ಕದ ವಿವಾದದಲ್ಲಿ 1992ರಲ್ಲಿ, ಮತ್ತೊಂದು ಮೊಕದ್ದಮೆಯಲ್ಲಿ 1993ರಲ್ಲಿ ಸುಪ್ರೀಂ ಕೋರ್ಟು ಈ ಹಳೆಯ ಲೆಕ್ಕವನ್ನು ತೆರೆಯಿತು. 2002ರ 86ನೆಯ ತಿದ್ದುಪಡಿ ಶಿಕ್ಷಣವನ್ನು ಮೂಲಭೂತ ಹಕ್ಕಾಗಿಸಿತು; ಅದು ಜಾರಿಗೆ ಬಂದದ್ದು 2010ರ ಏಪ್ರಿಲ್ 1ರಂದು, ಅರ್ಧ ಶತಮಾನ ತಡವಾಗಿ. ಆ ಹಕ್ಕು 6ರಿಂದ 14 ವರ್ಷದವರಿಗೆ ಮಾತ್ರ. 6 ವರ್ಷದೊಳಗಿನ ಶಿಶುಗಳ ಬಾಕಿಯನ್ನು ಪರಿಷ್ಕೃತ 45ನೆಯ ಅನುಚ್ಛೇದದಲ್ಲಿ ಬರೆಯಲಾಯಿತು, ವಾಯಿದೆಯೇ ಇಲ್ಲದೆ.

ಈ ಲೆಕ್ಕದಲ್ಲಿ ಸಮಾಜಕ್ಕೂ ಒಂದು ಪುಟವಿದೆ. 2009ರ ಶಿಕ್ಷಣ ಹಕ್ಕು ಕಾಯ್ದೆಯು ಖಾಸಗಿ ಶಾಲೆಗಳು ಒಂದನೆಯ ತರಗತಿಯ ಕನಿಷ್ಠ ಶೇ. 25 ಸ್ಥಾನಗಳನ್ನು ದುರ್ಬಲ ವರ್ಗದ ಮಕ್ಕಳಿಗೆ ನೀಡಬೇಕೆಂದು ವಿಧಿಸಿತು. 2014ರ ಜನವರಿಯಲ್ಲಿ ಜೈನರಿಗೆ ರಾಷ್ಟ್ರಮಟ್ಟದಲ್ಲಿ ಅಲ್ಪಸಂಖ್ಯಾತ ಮಾನ್ಯತೆ ದೊರೆಯಿತು. ಅದೇ ಮೇ ತಿಂಗಳಲ್ಲಿ, ಅಲ್ಪಸಂಖ್ಯಾತರ ಶಾಲೆಗಳಿಗೆ ಈ ಕಾಯ್ದೆ ಅನ್ವಯಿಸದೆಂದು ಸುಪ್ರೀಂ ಕೋರ್ಟು ತೀರ್ಪಿತ್ತಿತು. 2025ರಲ್ಲಿ ಅದೇ ನ್ಯಾಯಾಲಯದ ಇನ್ನೊಂದು ಪೀಠ ಆ ತೀರ್ಪನ್ನು ಸಂದೇಹಿಸಿತು.

ನ್ಯಾಯಾಲಯದ ನಿರ್ಣಯ ಏನೇ ಆಗಲಿ, ಅಣುವ್ರತಗಳನ್ನು ಬಲ್ಲ ಶ್ರಾವಕರಿಗೆ ಒಂದು ಮಾತು ಹೊಸದಲ್ಲ. ವ್ರತವನ್ನು ಯಾವ ನ್ಯಾಯಾಲಯವೂ ಜಾರಿಗೊಳಿಸುವುದಿಲ್ಲ. ಅಷ್ಟರಿಂದ ಅದು ಸಡಿಲವಾಗುವುದೂ ಇಲ್ಲ. ನಿರ್ದೇಶಕ ತತ್ತ್ವಗಳನ್ನು ಈ ದೃಷ್ಟಿಯಿಂದ ಓದಿದರೆ ಷಾ ಅವರ ಚೆಕ್ಕಿನ ಉಪಮೆಗಿಂತ ಹೆಚ್ಚಿನ ಅರ್ಥ ಹೊಳೆಯುತ್ತದೆ. ಶಾಲೆ ನಡೆಸುವ ಟ್ರಸ್ಟುಗಳು ತಮ್ಮ ವಾರ್ಷಿಕ ವರದಿಯಲ್ಲಿ ಆದಾಯ-ವೆಚ್ಚಗಳ ಜೊತೆಗೆ, ಆ ವರ್ಷ ಶುಲ್ಕವಿಲ್ಲದೆ ಓದಿದ ಬಡಮಕ್ಕಳ ಸಂಖ್ಯೆಯನ್ನೂ ನಮೂದಿಸುವಂತಾದರೆ, ಹನುಮಂತಯ್ಯನವರು ಬಯಸಿದ ವೀಣೆಯ ಒಂದು ತಂತಿಯಾದರೂ ಮಿಡಿದೀತು.