ಮೊದಲ ತಿರುವಿನ ಬ್ರೇಕು

ಕೊಟ್ಟಿಗೆಹಾರದಲ್ಲಿ ನೀರುದೋಸೆ ತಿಂದು, ಕಾಫಿ ಕುಡಿದು, ಚಾರ್ಮಾಡಿ ಘಾಟಿ ಇಳಿಯಲು ಹೊರಟ ಕಾರಿನ ಬ್ರೇಕು ಮೊದಲ ತಿರುವಿಗೆ ಬರುವಾಗ ಇನ್ನೂ ತಣ್ಣಗಿರುತ್ತದೆ. ಜುಲೈ ತಿಂಗಳಾದರೆ ಡಿಸ್ಕಿನ ಮೇಲೆ ನೀರೂ ಇರುತ್ತದೆ, ಹತ್ತು ಮಾರು ಮುಂದೆ ಮಂಜು. ವೇಗದ ಕಾರಿಗೆ ಬ್ರೇಕ್ ಪ್ಯಾಡು, ಟೈರು ಆರಿಸುವ ನಮ್ಮ ಕಡೆಯ ರೂಢಿಯನ್ನು ನಾನು ಅಳೆಯುವುದು ಈ ಮೊದಲ ತಿರುವಿನಿಂದಲೇ. ಅಲ್ಲಿ ಅದು ಸೋಲುತ್ತದೆ ಎಂಬುದು ನನ್ನ ತಕರಾರು.

ಈ ಗುಡ್ಡಗಳಲ್ಲಿ ಮೋಟಾರಿನ ಹುಚ್ಚು ಹೊಸದಲ್ಲ. ತೋಟದ ಕೆಲಸಕ್ಕೆ ತಂದ ಜೀಪು, ಜಿಪ್ಸಿಗಳಲ್ಲೇ ಇಲ್ಲಿಯವರು ಕೆಸರಿನಲ್ಲಿ ಗಾಡಿ ಓಡಿಸಲು ಕಲಿತರು. ಕಾಫಿ ತೋಟದ ಮಣ್ಣುದಾರಿಗಳಲ್ಲಿ ರ‍್ಯಾಲಿ ಕಾರುಗಳು ಹಾರಿಹೋಗುವುದನ್ನು ದರೆಯ ಮೇಲೆ ನಿಂತು ನೋಡಿ ಬೆಳೆದವರು ಬಹಳ ಮಂದಿ. ಅವರಲ್ಲಿ ಕೆಲವರ ಬಳಿ ಈಗ ವೇಗದ ಕಾರಿದೆ. ವಾರವೆಲ್ಲ ಅದೇ ಕಾರು ತೋಟಕ್ಕೆ, ಪೇಟೆಗೆ, ಮಕ್ಕಳ ಶಾಲೆಗೆ. ವರ್ಷಕ್ಕೆ ಎರಡು ಮೂರು ಸಲ ಕೊಯಮತ್ತೂರಿನ ಅಥವಾ ಚೆನ್ನೈ ಬಳಿಯ ಇರುಂಗಾಟ್ಟುಕೋಟೈನ ರೇಸ್ ಟ್ರ್ಯಾಕಿಗೆ. ಟ್ರ್ಯಾಕಿಗೆಂದು ತರಿಸಿದ ರೇಸ್ ಪ್ಯಾಡು ಮತ್ತು ಗೀರು ಕಡಿಮೆ ಇರುವ ಮೆತ್ತನೆಯ ಟೈರನ್ನು ವರ್ಷವಿಡೀ ಹಾಕಿಕೊಂಡೇ ಓಡಾಡುವುದು ರೂಢಿ. ರೇಸಿಗೆ ತಡೆದದ್ದು ರಸ್ತೆಗೆ ತಡೆಯದೆ ಇರುತ್ತದೆಯೇ ಎಂಬ ನಂಬಿಕೆ ಇದರ ಹಿಂದಿದೆ.

ನಾನೂ ಹಾಗೆಯೇ ನಂಬಿದ್ದೆ. ಕೊಯಮತ್ತೂರಿನ ಕರಿ ಮೋಟಾರ್ ಸ್ಪೀಡ್‌ವೇಯಲ್ಲಿ ಒಂದು ಭಾನುವಾರ ಓಡಿಸಿ ಬಂದವನು ಪ್ಯಾಡು ಬದಲಾಯಿಸದೆ ಬಿಟ್ಟೆ. ಮಳೆಗಾಲ ಹಿಡಿಯಿತು. ಒಂದು ಬೆಳಗ್ಗೆ ಮನೆಯಿಂದ ಹೊರಟು ಒಂದು ಕಿಲೋಮೀಟರು ಆಗಿರಲಿಲ್ಲ, ಇಳಿಜಾರಿನ ತಿರುವಿನಲ್ಲಿ ಎದುರಿಗೆ ಹಾಲಿನ ವ್ಯಾನು. ಪೆಡಲು ಕಲ್ಲಿನಷ್ಟು ಗಟ್ಟಿಯಾಗಿತ್ತು, ನನ್ನ ಕಾಲಿನ ಬಲವೆಲ್ಲ ಅದರ ಮೇಲಿತ್ತು, ಕಾರು ಮಾತ್ರ ನಿಲ್ಲುವ ಮನಸ್ಸಿಲ್ಲದಂತೆ ಜಾರುತ್ತಲೇ ಹೋಯಿತು. ವ್ಯಾನಿನವನು ಪಕ್ಕಕ್ಕೆ ತೆಗೆದುಕೊಂಡ, ನಾನು ಚರಂಡಿಗೆ ಇಳಿದೆ. ಯಾರಿಗೂ ಪೆಟ್ಟಾಗಲಿಲ್ಲ. ಟ್ರ್ಯಾಕಿನಲ್ಲಿ ಇಪ್ಪತ್ತು ಸುತ್ತು ಒಮ್ಮೆಯೂ ಕೈಕೊಡದ ಪ್ಯಾಡು ಅದೇ. ರೇಸಿಗಾಗಿಯೇ ಮಾಡಿದ ಎಷ್ಟೋ ಪ್ಯಾಡುಗಳು ಸರಿಯಾಗಿ ಕಚ್ಚುವುದು 200 ಡಿಗ್ರಿ ದಾಟಿದ ಮೇಲೆ. ನಮ್ಮ ಮನೆ ಅಂಗಳದಿಂದ ಆ ತಿರುವಿನವರೆಗೆ ಅದು ಮಳೆನೀರಿನಷ್ಟೇ ತಣ್ಣಗಿತ್ತು.

ರ‍್ಯಾಲಿಯನ್ನು ನೋಡಿ ಕಲಿತವರು ನಾವು ಎನ್ನುತ್ತೇವೆ. ನೋಡಿದ್ದನ್ನು ಪೂರ್ತಿ ನೋಡಿಲ್ಲ. 2016ರಲ್ಲಿ ಏಷ್ಯಾ ಪೆಸಿಫಿಕ್ ರ‍್ಯಾಲಿ ಚಾಂಪಿಯನ್‌ಶಿಪ್‌ನ ಭಾರತದ ಸುತ್ತು ಚಿಕ್ಕಮಗಳೂರಿನಲ್ಲೇ ನಡೆಯಿತು. ಎಂಆರ್‌ಎಫ್ ತಂಡದ ಸ್ಕೋಡಾ ಫೇಬಿಯಾ ಆರ್5 ಓಡಿಸಿದ ಗೌರವ್ ಗಿಲ್ ಆ ವರ್ಷವೂ ಮರುವರ್ಷವೂ ಚಾಂಪಿಯನ್ ಆದರು. ಅದೇ ಫೇಬಿಯಾ ಮಣ್ಣಿನ ಮೇಲೆ ಓಡುವಾಗ 15 ಇಂಚಿನ ಚಕ್ರ, 300 ಮಿ.ಮೀ. ಡಿಸ್ಕು. ಡಾಂಬರಿಗೆ ಹೋದರೆ 18 ಇಂಚಿನ ಚಕ್ರ, 355 ಮಿ.ಮೀ. ಡಿಸ್ಕು. ದೊಡ್ಡ ಡಿಸ್ಕು ಚಿಕ್ಕ ಚಕ್ರದೊಳಗೆ ಕೂರುವುದಿಲ್ಲ, ಆದ್ದರಿಂದ ಅಲ್ಲಿ ಟೈರು, ಬ್ರೇಕು ಎರಡರ ತೀರ್ಮಾನವೂ ಒಂದೇ. ನೆಲ ಬದಲಾದರೆ ಎರಡೂ ಬದಲು. ಅಷ್ಟು ಹಣ, ಅಷ್ಟು ಜನ ಇದ್ದವರೇ ಒಂದು ಸೆಟ್ಟಿನಲ್ಲಿ ಎಲ್ಲವನ್ನೂ ಮುಗಿಸಲು ಹೋಗಲಿಲ್ಲ. ನಾವು ಅವರ ಕಾರಿನ ಸ್ಟಿಕ್ಕರನ್ನು ತಂದೆವು, ಸರ್ವಿಸ್ ಪಾರ್ಕಿನಲ್ಲಿ ಅವರು ಮಾಡುತ್ತಿದ್ದ ಕೆಲಸವನ್ನು ಬಿಟ್ಟುಬಂದೆವು.

ಘಾಟಿಗೂ ಟ್ರ್ಯಾಕಿಗೂ ಇರುವ ವ್ಯತ್ಯಾಸ ಒಂದು ಸಣ್ಣ ಲೆಕ್ಕದಲ್ಲಿ ಕಾಣುತ್ತದೆ. 1,200 ಕೆ.ಜಿ. ತೂಕದ ಕಾರು ಟ್ರ್ಯಾಕಿನ ನೇರದಾರಿಯ ಕೊನೆಯಲ್ಲಿ ಗಂಟೆಗೆ 160 ಕಿ.ಮೀ.ಯಿಂದ 60ಕ್ಕೆ ಇಳಿಯಬೇಕಾದರೆ ಸುಮಾರು 10 ಲಕ್ಷ ಜೂಲ್ ಶಕ್ತಿಯನ್ನು ಕಳೆದುಕೊಳ್ಳಬೇಕು, ಅದರ ಹೆಚ್ಚಿನ ಪಾಲು ಬ್ರೇಕಿನಲ್ಲಿ ಬಿಸಿಯಾಗುತ್ತದೆ. ಅದೇ ಕಾರು ಘಾಟಿಯಲ್ಲಿ 100 ಮೀಟರ್ ಎತ್ತರ ಇಳಿದರೆ ಕಳೆಯಬೇಕಾದದ್ದು ಸುಮಾರು 12 ಲಕ್ಷ ಜೂಲ್. ಮೊತ್ತ ಹೆಚ್ಚುಕಡಿಮೆ ಒಂದೇ. ಆದರೆ ಟ್ರ್ಯಾಕಿನಲ್ಲಿ ಆ ಬಿಸಿ ಮೂರು ನಾಲ್ಕು ಸೆಕೆಂಡಿನಲ್ಲಿ ಪ್ಯಾಡಿನ ಮುಖಕ್ಕೆ ಹೊಡೆಯುತ್ತದೆ, ಆಮೇಲೆ ಮುಂದಿನ ನೇರದಾರಿಯ ಗಾಳಿಗೆ ಆರುತ್ತದೆ. ಘಾಟಿಯಲ್ಲಿ ಅದು ಮೆಲ್ಲಗೆ, ಬಿಡದೆ ಏರುತ್ತದೆ. ಲಾರಿಯ ಹಿಂದೆ ಗಂಟೆಗೆ 25 ಕಿ.ಮೀ. ವೇಗದಲ್ಲಿ ಬ್ರೇಕ್ ಒತ್ತಿಕೊಂಡೇ ಇಳಿಯುವ ಕಾರಿಗೆ ಡಿಸ್ಕು ಆರಿಸುವಷ್ಟು ಗಾಳಿ ಸಿಗುವುದಿಲ್ಲ. ಬಿಸಿ ಪ್ಯಾಡಿನಿಂದ ಕ್ಯಾಲಿಪರಿಗೆ, ಅಲ್ಲಿಂದ ಬ್ರೇಕ್ ಆಯಿಲಿಗೆ ಇಳಿಯಲು ಬೇಕಾದಷ್ಟು ಹೊತ್ತು ಸಿಗುತ್ತದೆ.

ಹಾಗಾಗಿ ಘಾಟಿಯಲ್ಲಿ ಮೊದಲು ಸಾಯುವುದು ಬಹುಮಟ್ಟಿಗೆ ಆಯಿಲು. ಇದರ ಮಾತನ್ನು ನಮ್ಮಲ್ಲಿ ಯಾರೂ ಎತ್ತುವುದಿಲ್ಲ, ಅದೇ ನನಗೆ ಎಲ್ಲಕ್ಕಿಂತ ದೊಡ್ಡ ಚಿಂತೆ. ಬ್ರೇಕ್ ಆಯಿಲಿಗೆ ತೇವ ಹೀರುವ ಗುಣವಿದೆ. ಡಬ್ಬಿ ಒಡೆದಾಗ ಡಾಟ್ 3 ದರ್ಜೆಯದು ಕನಿಷ್ಠ 205 ಡಿಗ್ರಿ ಸೆಲ್ಸಿಯಸ್‌ವರೆಗೆ ಕುದಿಯುವುದಿಲ್ಲ, ಡಾಟ್ 4 ಆದರೆ 230, ಡಾಟ್ 5.1 ಆದರೆ 260. ಶೇಕಡಾ ನಾಲ್ಕರ ಹತ್ತಿರ ನೀರು ಸೇರಿದ ಮೇಲೆ ಈ ಮಿತಿಗಳು ಕ್ರಮವಾಗಿ 140, 155, 180ಕ್ಕೆ ಕುಸಿಯುತ್ತವೆ. ಬಟ್ಟೆ ಒಣಗಿಸಲು ಒಲೆಯ ಮೇಲೆ ಅಟ್ಟ ಕಟ್ಟಿಕೊಳ್ಳುವ ಊರು ನಮ್ಮದು. ಕಳಸ, ಕುದುರೆಮುಖದ ಮಳೆಯಲ್ಲಿ ಬೀರುವಿನೊಳಗಿನ ಚಪ್ಪಲಿಗೂ ಬೂಷ್ಟು ಹಿಡಿಯುತ್ತದೆ. ಅಂಥ ಕಡೆ ಮೂರು ನಾಲ್ಕು ವರ್ಷ ಆಯಿಲ್ ಬದಲಾಯಿಸದ ಕಾರಿಗೆ ದುಬಾರಿ ಪ್ಯಾಡು ಹಾಕುವುದು ನನಗೆ ಅರ್ಥವಾಗದ ಖರ್ಚು. ಪೆಡಲಿನಿಂದಲೇ ರೋಗ ತಿಳಿಯಬಹುದು. ಪೆಡಲು ಗಟ್ಟಿಯಾಗಿದ್ದೂ ಕಾರು ನಿಲ್ಲದಿದ್ದರೆ ಪ್ಯಾಡು ಸೋತಿದೆ. ಪೆಡಲು ಮೆತ್ತಗಾಗಿ ಕೆಳಗೆ ಹೋದರೆ ಆಯಿಲು ಕುದಿದು ಆವಿಯಾಗಿದೆ. ಎರಡನೆಯದು ಹೆಚ್ಚು ಭಯದ್ದು, ಏಕೆಂದರೆ ಕಾಲಿನ ಕೆಳಗೆ ಒತ್ತಲು ಏನೂ ಉಳಿದಿರುವುದಿಲ್ಲ.

ಹಲವು ಪ್ಯಾಡುಗಳ ಬೆನ್ನ ಮೇಲೆ ಎರಡು ಇಂಗ್ಲಿಷ್ ಅಕ್ಷರಗಳಿರುತ್ತವೆ: ಎಫ್‌ಎಫ್, ಜಿಜಿ ಎಂಬಂತೆ. ಇ ಎಂದರೆ ಘರ್ಷಣೆಯ ಪ್ರಮಾಣ 0.25ರಿಂದ 0.35, ಎಫ್ ಎಂದರೆ 0.35ರಿಂದ 0.45, ಜಿ ಎಂದರೆ 0.45ರಿಂದ 0.55. ಮೊದಲ ಅಕ್ಷರ ಸಾಧಾರಣ ಬಿಸಿಯಲ್ಲಿ, ಎರಡನೆಯದು ಹೆಚ್ಚಿನ ಬಿಸಿಯಲ್ಲಿ. ಎರಡನೆಯ ಅಕ್ಷರ ಮೊದಲಿಗಿಂತ ಇಳಿಯದ ಪ್ಯಾಡು ಕೊಳ್ಳಿ ಎಂಬ ಸಲಹೆ ಒಳ್ಳೆಯದೇ. ಆದರೆ ಆ ಮೊದಲ ಅಕ್ಷರದ ಪರೀಕ್ಷೆಯೇ ಶುರುವಾಗುವುದು 90 ಡಿಗ್ರಿಯ ಆಚೆ. ಒದ್ದೆ ಬೆಳಗ್ಗೆಯ ಮೊದಲ ತಿರುವಿನ ಬಗ್ಗೆ ಅದು ಏನೂ ಹೇಳುವುದಿಲ್ಲ. ಅದಕ್ಕೆ ಇರುವ ಪರೀಕ್ಷೆ ಒಂದೇ: ಹೊಸ ಪ್ಯಾಡನ್ನು ಖಾಲಿ ರಸ್ತೆಯಲ್ಲಿ ಎಂಟು ಹತ್ತು ಸಲ ವೇಗದಿಂದ ಇಳಿಸಿ, ಪೂರ್ತಿ ನಿಲ್ಲಿಸದೆ ಹದ ಮಾಡಿ, ಆರಲು ಬಿಟ್ಟು, ಮರುದಿನ ಮಳೆಯಲ್ಲಿ ತಣ್ಣಗಿರುವಾಗಲೇ ಒತ್ತಿ ನೋಡುವುದು.

ಟೈರಿನ ವಿಷಯಕ್ಕೆ ಬಂದರೆ ನನ್ನ ಮಾತು ಇನ್ನೂ ನೇರ. ಎಬಿಎಸ್ ಇರುವ ಕಾರಿನಲ್ಲಿ ಒಂದು ಸಾಧಾರಣ ಪ್ಯಾಡು ಕೂಡ ಚಕ್ರವನ್ನು ಎಬಿಎಸ್ ಕೆಲಸ ಮಾಡುವ ಹಂತಕ್ಕೆ ತರಬಲ್ಲದು. ಅಲ್ಲಿಂದ ಮುಂದೆ ಕಾರು ಎಷ್ಟು ದೂರದಲ್ಲಿ ನಿಲ್ಲುತ್ತದೆ ಎಂಬುದು ರಬ್ಬರಿಗೆ ಬಿಟ್ಟದ್ದು. ಒಳ್ಳೆಯ ಪ್ಯಾಡು ಕೊಡುವುದು ಹತ್ತನೆಯ ಸಲವೂ ಮೊದಲ ಸಲದಂತೆ ನಿಲ್ಲುವ ಭರವಸೆಯನ್ನು. ನಿಲ್ಲುವ ದೂರ ಕಡಿಮೆ ಮಾಡುವುದು ಟೈರು. ಟ್ರ್ಯಾಕಿನ ಟೈರು ಬಿಸಿಯಾಗಿ ಅಂಟುವ ರಬ್ಬರಿನದು, ನೀರು ಹೊರಹಾಕುವ ಗೀರು ಅದರಲ್ಲಿ ಕಡಿಮೆ. ಮುಳ್ಳಯ್ಯನಗಿರಿಯ ದಾರಿಯಲ್ಲೋ ಕುದುರೆಮುಖದ ಕಾಡಿನ ನಡುವೆಯೋ ಪಾಚಿ, ಕೊಳೆತ ಎಲೆ, ಹರಿಯುವ ನೀರು ಮೂರೂ ಒಟ್ಟಿಗೆ ಸಿಕ್ಕಾಗ ಅಂಥ ಟೈರು ನೆಲ ಮುಟ್ಟದೆ ನೀರಿನ ಮೇಲೆ ತೇಲುತ್ತದೆ. ಕೊಯ್ಲಿನ ತಿಂಗಳುಗಳಲ್ಲಿ ತೋಟದಿಂದ ಬರುವ ಪಿಕಪ್ಪುಗಳು ಡಾಂಬರಿನ ಮೇಲೆ ಬಿಟ್ಟುಹೋಗುವ ಮಣ್ಣೂ ಇಷ್ಟೇ ಕೆಟ್ಟದ್ದು. ಅಗಲ ಹೆಚ್ಚಿಸಿದರೆ ಹಿಡಿತ ಹೆಚ್ಚುತ್ತದೆಂಬ ಲೆಕ್ಕ ಒಣ ಟ್ರ್ಯಾಕಿನದು; ನಿಂತ ನೀರಿನಲ್ಲಿ ಅಗಲ ಟೈರು ಬೇಗ ತೇಲುತ್ತದೆ. ಕಾನೂನು ಗೀರಿನ ಆಳ 1.6 ಮಿ.ಮೀ. ಉಳಿದರೆ ಸಾಕೆನ್ನುತ್ತದೆ. ನಾನು ಮೇ ತಿಂಗಳಲ್ಲಿ ಅಳೆದು 3 ಮಿ.ಮೀ.ಗಿಂತ ಕಡಿಮೆ ಇದ್ದರೆ ಬದಲಾಯಿಸುತ್ತೇನೆ.

ಹಳೆಯ ಜೀಪು ಚಾಲಕರು ಹತ್ತಿದ ಗೇರಿನಲ್ಲೇ ಇಳಿಯಬೇಕು ಎನ್ನುತ್ತಿದ್ದರು. ಅದು ಯಾವ ಪ್ಯಾಡಿಗಿಂತಲೂ ಅಗ್ಗದ, ಇವತ್ತಿಗೂ ಸುಳ್ಳಾಗದ ಉಪಾಯ: ಇಳಿಜಾರಿನ ಶಕ್ತಿಯ ಒಂದು ಪಾಲನ್ನು ಎಂಜಿನ್ನೇ ನುಂಗುತ್ತದೆ. ಡೀಸೆಲ್ ಉಳಿಸಲು ನ್ಯೂಟ್ರಲ್‌ನಲ್ಲಿ ಇಳಿಯುವ ಅಭ್ಯಾಸವೂ ಅವರಲ್ಲಿ ಕೆಲವರಿಗಿತ್ತು. ಅದನ್ನು ಹಿರಿಯರ ಅನುಭವ ಎಂದು ಮೆಚ್ಚಿಕೊಳ್ಳಲು ನಾನು ಸಿದ್ಧನಿಲ್ಲ.

ನನ್ನ ಕಾರಿಗೆ ಈಗ ಖರ್ಚಿನ ಕ್ರಮ ಹೀಗಿದೆ: ಪ್ರತಿ ವರ್ಷ ಮಳೆಗಾಲ ಮುಗಿದ ಮೇಲೆ ಹೊಸ ಡಾಟ್ 4 ಆಯಿಲು, ಆಮೇಲೆ ಮಳೆಗೆ ಒದಗುವ ಒಳ್ಳೆಯ ಟೈರು, ಕೊನೆಗೆ ಪ್ಯಾಡು. ದಿನದ ಓಡಾಟಕ್ಕೆ ತಣ್ಣಗೆ ಕಚ್ಚುವ, ಘಾಟಿಯನ್ನೂ ತಾಳುವ ರಸ್ತೆಯ ಪ್ಯಾಡು. ಟ್ರ್ಯಾಕಿಗೆ ಬೇರೆ ಪ್ಯಾಡು, ಬೇರೆ ನಾಲ್ಕು ಚಕ್ರ. ದುಬಾರಿಯಾಯಿತು ಎನ್ನುವವರಿಗೆ ನಾನು ಹೇಳುವುದು, ಎರಡು ಸೆಟ್ಟು ಸರದಿಯಲ್ಲಿ ಸವೆಯುವುದರಿಂದ ಎರಡೂ ಹೆಚ್ಚು ದಿನ ಬರುತ್ತವೆ. ಮೊದಲ ಸಲದ ಹಣ ಮಾತ್ರ ಭಾರ.

ಬದಲಾಯಿಸುವ ಜಾಗದಲ್ಲೂ ಮೊದಲು ತಪ್ಪಿದ್ದೆ, ಮನೆಯಲ್ಲೇ ರೇಸ್ ಪ್ಯಾಡು ಹಾಕಿಕೊಂಡು ಹೊರಡುತ್ತಿದ್ದೆ. ಕೊಯಮತ್ತೂರಿಗೆ ಹೋಗುವ ನನ್ನ ದಾರಿ ಮೈಸೂರು, ಚಾಮರಾಜನಗರ ದಾಟಿ ದಿಂಬಂ ಘಾಟಿಯಲ್ಲಿ ಇಳಿಯುತ್ತದೆ, ಅಲ್ಲಿ 27 ಹೇರ್‌ಪಿನ್ ತಿರುವುಗಳು. ಈಗ ರೇಸ್ ಪ್ಯಾಡುಗಳು ಹಳೆಯ ಪೇಪರಿನಲ್ಲಿ ಸುತ್ತಿ ಡಿಕ್ಕಿಯಲ್ಲಿರುತ್ತವೆ, ಜಾಕಿ ಮತ್ತು ಸ್ಪಾನರುಗಳ ಜೊತೆ. ಟ್ರ್ಯಾಕು ತಲುಪಿದ ಮೇಲೆ ಹಾಕಲು ಒಂದು ಗಂಟೆ, ಸಂಜೆ ಡಿಸ್ಕು ಆರಿದ ಮೇಲೆ ತೆಗೆಯಲು ಇನ್ನೊಂದು ಗಂಟೆ. ಆಮೇಲೆ ರಸ್ತೆಯ ಪ್ಯಾಡಿನಲ್ಲಿ ಮನೆ ಕಡೆಗೆ.