ರಿಲೇ ಮೇಲೆ ಗೂಬೆ ಕೂರಿಸುವ ಮುನ್ನ

ಹಳೆಯ ಬೈಕಿನ ಸೆಲ್ಫ್ ಕೈಕೊಟ್ಟರೆ ಗ್ಯಾರೇಜಿನಲ್ಲಿ ಸಿಗುವ ತೀರ್ಪು ಬಹುತೇಕ ಒಂದೇ: ‘ರಿಲೇ ಹೋಗಿದೆ ಸಾರ್, ಚೇಂಜ್ ಮಾಡ್ಬಿಡೋಣ.’ ಎಷ್ಟೋ ಸಲ ಆ ಮಾತು ನಿಜವೇ. ಹೊಸ ರಿಲೇ ಬೀಳುತ್ತದೆ, ಗಾಡಿ ಸ್ಟಾರ್ಟ್ ಆಗುತ್ತದೆ, ದುಡ್ಡು ಕೊಟ್ಟು ಮನೆಗೆ ಬರುತ್ತೀರಿ. ಮುಂದಿನ ಮಳೆಗಾಲಕ್ಕೆ ಮತ್ತೆ ಅದೇ ಗ್ಯಾರೇಜು, ಅದೇ ತೀರ್ಪು. ಹಿಂದಿನ ರಿಲೇ ಯಾಕೆ ಸುಟ್ಟಿತ್ತು ಎಂದು ಯಾರೂ ಕೇಳಿರುವುದಿಲ್ಲ.

ಪಾಪ, ರಿಲೇ ಮಾಡುವ ಕೆಲಸ ಬಲು ಸರಳ. ಬಟನ್ ಒತ್ತಿದಾಗ ಕೆಲವೇ ಆಂಪಿಯರ್ ಕರೆಂಟು ಅದರೊಳಗಿನ ಕಾಯಿಲಿಗೆ ಹರಿಯುತ್ತದೆ. ಕಾಯಿಲ್ ಅಯಸ್ಕಾಂತವಾಗಿ ಒಂದು ತಾಮ್ರದ ಬಿಲ್ಲೆಯನ್ನು ಎಳೆದು ಎರಡು ದಪ್ಪ ಬೋಲ್ಟುಗಳಿಗೆ ಒತ್ತಿ ಹಿಡಿಯುತ್ತದೆ. ಸ್ಟಾರ್ಟರ್ ಮೋಟರಿಗೆ ಬೇಕಾದ ಹತ್ತಾರು ಆಂಪಿಯರ್, ದೊಡ್ಡ ಎಂಜಿನ್ ಆದರೆ ನೂರರ ಮೇಲೂ, ಆ ಬಿಲ್ಲೆಯ ಮೈಮೇಲೇ ಹಾದುಹೋಗಬೇಕು. ಒತ್ತುವಿಕೆ ಬಲವಾಗಿದ್ದರೆ ಸರಿ. ಸಡಿಲವಾಯಿತೋ, ಕಿಡಿ ಹಾರಿ ಬಿಲ್ಲೆ ಕಪ್ಪಾಗುತ್ತದೆ.

ಹಾಗಾಗಿ ಸ್ಪ್ಯಾನರ್ ಹಿಡಿಯುವ ಮೊದಲು ಕಿವಿ ಕೊಡಿ. ‘ಕಟಕಟಕಟ’ ಎಂದು ಒಂದೇ ಸಮನೆ ಬಡಿದುಕೊಂಡರೆ ಅದು ರಿಲೇ ಸತ್ತ ಸದ್ದಲ್ಲ, ಬ್ಯಾಟರಿಯ ಗೋಳು. ಬಿಲ್ಲೆ ಕೂತ ಕ್ಷಣ ಮೋಟರ್ ಕರೆಂಟನ್ನೆಲ್ಲ ಎಳೆಯುತ್ತದೆ, ವೋಲ್ಟೇಜ್ ಕುಸಿದು ಕಾಯಿಲಿನ ಹಿಡಿತ ತಪ್ಪುತ್ತದೆ. ಬಿಟ್ಟ ಕೂಡಲೇ ವೋಲ್ಟೇಜ್ ಮೇಲೆದ್ದು ಮತ್ತೆ ಹಿಡಿಯುತ್ತದೆ. ಪ್ರತಿ ಬಡಿತಕ್ಕೂ ಒಂದು ಕಿಡಿ. ಸೋತ ಬ್ಯಾಟರಿಯಲ್ಲಿ ಬಟನ್ ಒತ್ತುತ್ತಲೇ ಇರುವವರು ಒಳ್ಳೆಯ ರಿಲೇಯನ್ನೂ ತಾವೇ ಸುಡುತ್ತಾರೆ. ‘ಟಕ್’ ಎಂದು ಒಂದೇ ಸದ್ದು ಬಂದು ಮೌನವಾದರೆ ಬಿಲ್ಲೆಯ ಮೇಲೋ ಮೋಟರಿನ ಮೇಲೋ ಅನುಮಾನ ಪಡಬಹುದು. ಸದ್ದೇ ಇಲ್ಲವೆಂದರೆ ಕಾಯಿಲಿಗೆ ಕರೆಂಟೇ ತಲುಪಿಲ್ಲ. ಕಿಲ್ ಸ್ವಿಚ್, ಕ್ಲಚ್ ಸ್ವಿಚ್, ಸೈಡ್ ಸ್ಟ್ಯಾಂಡ್ ಸ್ವಿಚ್ ನೋಡಿ. ನ್ಯೂಟ್ರಲ್‌ನಲ್ಲಿ ಸ್ಟಾರ್ಟ್ ಆಗಿ, ಗೇರಿನಲ್ಲಿ ಕ್ಲಚ್ ಹಿಡಿದರೆ ಆಗದ ಗಾಡಿಯ ರಿಲೇ ಬದಲಿಸುವುದು ಶುದ್ಧ ದಂಡ.

ಬ್ಯಾಟರಿಯ ಈ ಗೋಳು ಹೊಸದೇನಲ್ಲ. ಅಮೆರಿಕದ ‘ಇಂಡಿಯನ್’ ಕಂಪನಿ 1914ರಲ್ಲೇ ಹೆಂಡೀ ಸ್ಪೆಷಲ್ ಎಂಬ ಸೆಲ್ಫ್ ಸ್ಟಾರ್ಟ್ ಬೈಕ್ ತಂದಿತ್ತು. ಅಂದಿನ ಬ್ಯಾಟರಿಗಳು ಆ ಭಾರ ತಾಳಲಿಲ್ಲ, ಮಾದರಿ ಬೇಗನೇ ಮೂಲೆ ಸೇರಿತು. ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆಯ ಯೆಜ್ಡಿ ಇಟ್ಟುಕೊಂಡವರು ಇದನ್ನೆಲ್ಲ ಓದಿ ನಗುತ್ತಿರಬಹುದು. ಕಿಕ್ಕರೇ ಗೇರ್ ಲಿವರ್ ಕೂಡ ಆಗಿರುವ ಆ ಗಾಡಿಗೆ ರಿಲೇಯ ಹಂಗೇ ಇಲ್ಲ. ನಗಲಿ ಬಿಡಿ.

ನಿಜವಾದ ಕಿತಾಪತಿ ಇರುವುದು ರಿಲೇಯಲ್ಲಲ್ಲ, ಅದಕ್ಕೆ ಸಿಕ್ಕಿಸುವ ಕಪ್ಲರಿನಲ್ಲಿ. ತೊಂಬತ್ತರ ದಶಕದ ಹೋಂಡಾ ವಿಎಫ್‌ಆರ್, ಸಿಬಿಆರ್‌ಗಳನ್ನು ನೋಡಿ. 30 ಆಂಪಿಯರಿನ ಮೇನ್ ಫ್ಯೂಸ್ ರಿಲೇಯ ತಲೆಯ ಮೇಲೇ ಕೂತಿರುತ್ತದೆ. ಕಪ್ಲರಿಗೆ ನಾಲ್ಕು ವೈರು: ಹಳದಿ ಮೇಲೆ ಕೆಂಪು ಗೆರೆಯದು ಸ್ಟಾರ್ಟ್ ಬಟನ್ನಿನಿಂದ ಬರುತ್ತದೆ, ಹಸಿರು ಮೇಲೆ ಕೆಂಪು ಗೆರೆಯದು ಕ್ಲಚ್ ಮತ್ತು ನ್ಯೂಟ್ರಲ್ ಕಡೆಗೆ ಹೋಗುತ್ತದೆ. ಇವೆರಡು ಕಾಯಿಲಿನವು, ನಿರುಪದ್ರವಿಗಳು. ಉಳಿದ ಎರಡು ದಪ್ಪ ಕೆಂಪು ವೈರುಗಳೇ ಗಾಡಿಯ ಪ್ರಾಣ. ಬ್ಯಾಟರಿಗೆ ಹೋಗುವ ಚಾರ್ಜು, ಅಲ್ಲಿಂದ ಬರುವ ಕರೆಂಟು ಎರಡೂ ಅದೇ ದಾರಿಯಲ್ಲಿ.

ವರ್ಷಗಳ ಅಲುಗಾಟಕ್ಕೆ ಆ ಟರ್ಮಿನಲ್ ಸಡಿಲವಾಗಿ, ತೇವಕ್ಕೆ ಕಿಲುಬು ಹಿಡಿದು, ಅಲ್ಲಿ ಒಂದು ಓಮಿನ ಹತ್ತನೇ ಒಂದು ಭಾಗದಷ್ಟು ತಡೆ ಹುಟ್ಟಿತೆನ್ನಿ. ಹದಿನೈದು ಆಂಪಿಯರ್ ಹರಿದರೆ ಇಪ್ಪತ್ತೆರಡೂವರೆ ವ್ಯಾಟ್ ಶಾಖ! ಬೆಂಗಳೂರಿನ ಎಸ್.ಪಿ. ರೋಡಿನಲ್ಲಿ ಸಿಗುವ ಸಾಧಾರಣ ಬೆಸುಗೆ ಕಡ್ಡಿ 25 ವ್ಯಾಟಿನದು. ಅಂಥದೊಂದನ್ನು ಪ್ಲಾಸ್ಟಿಕ್ ಕಪ್ಲರಿನೊಳಗೆ ಚುಚ್ಚಿಟ್ಟು ಸವಾರಿ ಹೊರಟಂತೆ. ಕಪ್ಲರ್ ಕರಗುತ್ತದೆ. ಅದಕ್ಕಿಂತ ಕೆಟ್ಟದ್ದು, ಬ್ಯಾಟರಿಗೆ ತಲುಪಬೇಕಾದ ಚಾರ್ಜಿನಲ್ಲಿ ಒಂದೂವರೆ ವೋಲ್ಟ್ ದಾರಿಯಲ್ಲೇ ಸೋರಿಹೋಗುತ್ತದೆ. ಅರೆಹೊಟ್ಟೆಯ ಬ್ಯಾಟರಿ, ಅದರಿಂದ ಕಟಕಟ, ಅದರಿಂದ ಸುಟ್ಟ ಬಿಲ್ಲೆ. ಹೊಸ ರಿಲೇಯನ್ನು ಅದೇ ಕರಗಿದ ಕಪ್ಲರಿಗೆ ಸಿಕ್ಕಿಸಿದರೆ ಈ ಚಕ್ರ ಮೊದಲಿಂದ ಶುರು.

ಆದ್ದರಿಂದ ವೈರು ಕತ್ತರಿಸಲೇಬೇಕು. ಮೊದಲು ಬ್ಯಾಟರಿಯ ನೆಗೆಟಿವ್ ಬಿಚ್ಚಿ. ಪಾಸಿಟಿವ್ ಬಿಚ್ಚುವಾಗ ಸ್ಪ್ಯಾನರ್ ಛಾಸಿಗೆ ತಗುಲಿದರೂ ಆಗ ಅಪಾಯವಿಲ್ಲ. ಜೋಡಿಸುವಾಗ ನೆಗೆಟಿವ್ ಕೊನೆಗೆ. ಕಪ್ಲರಿನ ಹಿಂದೆ ತಾಮ್ರ ಹೊಳೆಯುವ ತನಕ ಕತ್ತರಿಸುತ್ತ ಹೋಗಿ. ಕಪ್ಪು ಬಣ್ಣ ಇನ್ಸುಲೇಷನ್ನಿನೊಳಗೆ ಬಹುದೂರ ಏರಿರುತ್ತದೆ. ಹೊಸ ತುಂಡಿಗೆ 4 ಸ್ಕ್ವೇರ್ ಎಂಎಂನ, ಸಣ್ಣ ಎಳೆಗಳ ಆಟೊ ವೈರೇ ಬೇಕು. ಮನೆ ವೈರಿಂಗಿನ ಒಂಟಿ ಎಳೆಯ ತಾಮ್ರ ಅಲುಗಾಟಕ್ಕೆ ಮುರಿಯುತ್ತದೆ. ಟರ್ಮಿನಲ್ಲನ್ನು ಸರಿಯಾದ ಕ್ರಿಂಪಿಂಗ್ ಇಕ್ಕಳದಲ್ಲಿ ಒತ್ತಿ. ಬರೀ ಬೆಸುಗೆ ನೋಡಲು ಚೆಂದ, ಆದರೆ ಸೀಸ ಮುಗಿಯುವ ಅಂಚಿನಲ್ಲಿ ವೈರು ಸೆಟೆದುಕೊಂಡು ಅಲ್ಲೇ ತುಂಡಾಗುತ್ತದೆ. ಮೇಲೆ ಶ್ರಿಂಕ್ ಸ್ಲೀವ್ ಹಾಕಿ. ಟೇಪು ಎಂಜಿನ್ ಬಿಸಿಗೆ ಅಂಟು ಬಿಟ್ಟು ಧೂಳು ಹಿಡಿಯುತ್ತದೆ.

ದಪ್ಪ ಕೆಂಪು ವೈರುಗಳನ್ನು ಕಪ್ಲರಿನಿಂದ ಪೂರ್ತಿ ಹೊರತಂದು, ಬೇರೆ ಫ್ಯೂಸ್ ಹೋಲ್ಡರಿನಲ್ಲಿ ಅದೇ 30 ಆಂಪಿಯರಿನ ಫ್ಯೂಸ್ ಹಾಕುವುದು ನನಗೆ ಇಷ್ಟ. ಎಲ್ಲ ಒರಿಜಿನಲ್ಲಾಗಿಯೇ ಇರಬೇಕೆನ್ನುವ ಮಡಿವಂತರು ಮೂಗು ಮುರಿಯುತ್ತಾರೆ. ಸೀಟಿನ ಕೆಳಗಿನ ಮಡಿ ಯಾರಿಗೆ ಕಾಣಬೇಕಿದೆ! ರಿಲೇ ಮಾತ್ರ ಒರಿಜಿನಲ್ಲೇ ಇರಲಿ. ಜೆ.ಸಿ. ರೋಡಿನಲ್ಲಿ ಸ್ಕೂಟರಿನ ರಿಲೇ ತೋರಿಸಿ ‘ಇದೇ ಕೂರುತ್ತೆ’ ಎಂದರೆ ನಂಬಬೇಡಿ. ಕೂರುವುದೇನೋ ಕೂರುತ್ತದೆ, ದೊಡ್ಡ ಮೋಟರಿನ ಕರೆಂಟು ತಾಳುವುದಿಲ್ಲ.

ಕೆಲಸ ಮುಗಿದ ಮೇಲೆ ಅಳೆಯಿರಿ. ಹೆಚ್ಚಿನವರು ಮಲ್ಟಿಮೀಟರನ್ನು ಓಮ್‌ಗೆ ತಿರುಗಿಸಿ, ಸೊನ್ನೆ ಕಂಡೊಡನೆ ಸಮಾಧಾನಪಡುತ್ತಾರೆ. ಮೀಟರ್ ಕಳಿಸುವ ಕರೆಂಟು ತೀರಾ ಅಲ್ಪ. ಸುಟ್ಟ ಬಿಲ್ಲೆಯೂ ಅದಕ್ಕೆ ದಾರಿ ಬಿಡುತ್ತದೆ. ಡಿಸಿ ವೋಲ್ಟಿಗೆ ಇಟ್ಟು ಎರಡು ಕಡ್ಡಿಗಳನ್ನು ರಿಲೇಯ ಎರಡು ಬೋಲ್ಟಿಗೆ ಹಿಡಿದು ಸೆಲ್ಫ್ ಒತ್ತಿ. ಮೋಟರ್ ತಿರುಗುವಾಗ ಅರ್ಧ ವೋಲ್ಟಿನೊಳಗೆ ಇಳಿಯಬೇಕು. ಒಳ್ಳೆಯ ರಿಲೇ ಇನ್ನೂ ಕೆಳಗೆ ಇಳಿಯುತ್ತದೆ. ಬ್ಯಾಟರಿ ಸುಮ್ಮನಿದ್ದಾಗ 12.6 ತೋರಿಸಿ, ಒತ್ತಿದಾಗ ಹತ್ತರ ಕೆಳಗೆ ಜಾರಿದರೆ ಮೊದಲು ಬ್ಯಾಟರಿಯನ್ನೇ ಅನುಮಾನಿಸಿ.

ಇಷ್ಟೆಲ್ಲ ಸರಿಯಿದ್ದೂ ಮೋಟರ್ ಮುಲುಗಿದರೆ ಒಂದು ಕಡ್ಡಿ ಬ್ಯಾಟರಿಯ ನೆಗೆಟಿವ್‌ಗೆ, ಇನ್ನೊಂದು ಎಂಜಿನ್ನಿನ ಬರಿ ಲೋಹಕ್ಕೆ ಹಿಡಿದು ಮತ್ತೊಮ್ಮೆ ಒತ್ತಿ. ಅಲ್ಲಿ ಒಂದು ವೋಲ್ಟ್ ಕಂಡರೆ ಅರ್ಥ್ ಕೇಬಲ್ಲಿನ ಬೋಲ್ಟ್ ಬಿಚ್ಚಿ, ಕೆಳಗಿನ ಪೇಂಟು, ತುಕ್ಕು ಉಜ್ಜಿ ತೆಗೆದು ಬಿಗಿಯಿರಿ. ಅದಕ್ಕೆ ಬೇಕಾದದ್ದು ಒಂದು ಸ್ಪ್ಯಾನರ್, ಒಂದು ತುಂಡು ಎಮೆರಿ ಪೇಪರ್.