ತುಕ್ಕನ್ನೂ ಉಸಿರಾಡುವ ಜೀವಿ

ನ್ಯೂಯಾರ್ಕ್ ರಾಜ್ಯದ ಒನೈಡಾ ಸರೋವರದ ಕೆಸರಿನಲ್ಲಿ ಸಿಕ್ಕ ಶೆವನೆಲ್ಲಾ ಒನೈಡೆನ್ಸಿಸ್ ಬ್ಯಾಕ್ಟೀರಿಯಾದ ಜಾಣ್ಮೆಗೆ ತಲೆದೂಗಲೇಬೇಕು. 1988ರಲ್ಲಿ ಚಾರ್ಲ್ಸ್ ಮೈಯರ್ಸ್ ಮತ್ತು ಕೆನೆತ್ ನೀಲ್ಸನ್ ಇದನ್ನು ಲೋಕಕ್ಕೆ ಪರಿಚಯಿಸಿದರು. ಆಮ್ಲಜನಕ ಇದ್ದರೆ ಅದನ್ನೇ ಉಸಿರಾಡುತ್ತದೆ; ಇಲ್ಲದಿದ್ದರೆ ನೈಟ್ರೇಟ್, ಅದೂ ಇಲ್ಲವೆಂದರೆ ಕಬ್ಬಿಣದ ತುಕ್ಕು, ಮ್ಯಾಂಗನೀಸ್ ಆಕ್ಸೈಡ್!

ಗಟ್ಟಿ ಖನಿಜ ಜೀವಕೋಶದೊಳಗೆ ಹೋಗದು. ಹಾಗಾಗಿ ಆಹಾರದಿಂದ ಬಂದ ಎಲೆಕ್ಟ್ರಾನುಗಳನ್ನೇ ಇದು ಹೊರಗೆ ಸಾಗಿಸುತ್ತದೆ. ಕಬ್ಬಿಣದ ಅಂಶವುಳ್ಳ ಸೈಟೋಕ್ರೋಮ್ ಪ್ರೋಟೀನುಗಳು, ಸಾಲಾಗಿ ನಿಂತು ಕೊಡ ಕೈ ಬದಲಿಸುವವರಂತೆ, ಅವನ್ನು ಒಳಪೊರೆಯಿಂದ ಹೊರಪೊರೆಗೆ ದಾಟಿಸುತ್ತವೆ. ಎಲೆಕ್ಟ್ರಾನು ತಾಗಿದ ಕಪ್ಪು ಮ್ಯಾಂಗನೀಸ್ ಕರಗಿ ನೀರು ಸೇರುತ್ತದೆ.

ಯುರೇನಿಯಂ ವಿಷಯದಲ್ಲಿ ಇದು ತಿರುವುಮುರುವು: ನೀರಿನಲ್ಲಿ ಕರಗಿದ್ದನ್ನು ಕರಗದ ರೂಪಕ್ಕೆ ತಂದು, ಅದು ಹರಡದಂತೆ ತಡೆಯಬಲ್ಲದು. ವಿದ್ಯುದ್ವಾರ ಇಟ್ಟರೆ ಅದಕ್ಕೂ ಎಲೆಕ್ಟ್ರಾನು ಕೊಟ್ಟು ಚೂರು ಕರೆಂಟ್ ಹರಿಸುತ್ತದೆ. ಸಿಕ್ಕಿದ್ದರಲ್ಲೇ ಬದುಕು ಕಟ್ಟುವ ಕಲೆಯಲ್ಲಿ ಇದನ್ನು ಮೀರಿಸುವವರು ವಿರಳ.